ಗೃಹಸಂಘದ ಮಂಡಳಿಯ ಮೌನವೂ ಸದಸ್ಯನ ಹಕ್ಕೂ

ಮುಂಬಯಿಯಲ್ಲಿ ನೆಲೆಸಿದ ಕನ್ನಡಿಗರಲ್ಲಿ ಬಹುಮಂದಿ ಇಂದು ಯಾವುದಾದರೊಂದು ಸಹಕಾರಿ ಗೃಹಸಂಘದ ಸದಸ್ಯರಾಗಿದ್ದಾರೆ. ಊರಿನ ಹೊಲಮನೆಗಳನ್ನು ಅಣ್ಣತಮ್ಮಂದಿರಿಗೆ ಒಪ್ಪಿಸಿ ಬಂದವರೂ, ಹೋಟೆಲು, ಗಿರಣಿ, ಕಛೇರಿಗಳಲ್ಲಿ ದುಡಿದು ನಾಲ್ಕು ಕಾಸು ಕೂಡಿಸಿದವರೂ ತಮ್ಮ ಆಯುಷ್ಯದ ಗಳಿಕೆಯನ್ನೆಲ್ಲ ಸುರಿದು ಎರಡು ಕೋಣೆಗಳ ಒಂದು ಬಿಡಾರವನ್ನು ಸಂಪಾದಿಸುತ್ತಾರೆ. 'ಮನೆಯನ್ನು ಕೊಂಡೆವು' ಎಂದು ಅವರು ಹೇಳುವುದು ರೂಢಿ. ಕಾಯಿದೆಯ ಕಣ್ಣಿನಿಂದ ನೋಡಿದರೆ ಅವರ ಕೈಗೆ ಬಂದುದು ಸಂಘದ ಕೆಲವು ಶೇರುಗಳು, ಮತ್ತು ಆ ಶೇರುಗಳ ಬಲದಿಂದ ಒದಗುವ ವಾಸದ ಹಕ್ಕು. ನೆಲ, ಗೋಡೆ, ಮಾಳಿಗೆ, ಮೆಟ್ಟಿಲು, ನೀರಿನ ತೊಟ್ಟಿ ಇವೆಲ್ಲ ಸಂಘದ ಸೊತ್ತು. ಸಂಘದ ಹೆಸರಿನಲ್ಲಿ ವ್ಯವಹರಿಸತಕ್ಕವರು ಸದಸ್ಯರೇ ಚುನಾಯಿಸಿದ ವ್ಯವಸ್ಥಾಪಕ ಮಂಡಳಿಯವರು.

ಈ ಮಂಡಳಿಯು ಸದಸ್ಯನ ಬಿನ್ನಹಕ್ಕೆ 'ಇಲ್ಲ' ಎಂದರೆ ಅವನ ಮುಂದೆ ದಾರಿಯೊಂದು ತೆರೆದಿರುತ್ತದೆ; ಇಲ್ಲವೆಂದ ನಿರ್ಣಯದ ಮೇಲೆ ಅವನು ಮೇಲ್ಮನವಿಗೆ ಹೋಗಬಹುದು. ಆದರೆ ಮಂಡಳಿಯು ಏನನ್ನೂ ಹೇಳದೆ ಸುಮ್ಮನಿದ್ದರೆ? ಮಾಳಿಗೆ ಸೋರುತ್ತದೆ ಎಂದು ಬರೆದ ಪತ್ರಕ್ಕೆ ಉತ್ತರವಿಲ್ಲ. ಲೆಕ್ಕ ತೋರಿಸಿರೆಂದರೆ ಉತ್ತರವಿಲ್ಲ. ತೀರಿಹೋದ ಗಂಡನ ಹೆಸರಿನ ಶೇರನ್ನು ತನ್ನ ಹೆಸರಿಗೆ ವರ್ಗಾಯಿಸಿರೆಂದು ವಿಧವೆಯೊಬ್ಬಳು ಬೇಡಿದರೂ ಉತ್ತರವಿಲ್ಲ. ನಿರಾಕರಣೆಗೆ ಔಷಧವಿದೆ, ಮೌನಕ್ಕೆ ಔಷಧವೇನು? ಸಾಮೂಹಿಕ ಜೀವನದ ಇತಿಹಾಸದಲ್ಲಿ ಈ ಪ್ರಶ್ನೆ ಹೊಸದಲ್ಲ. ಇದಕ್ಕೆ ಹಿಂದಿನವರು ಕೊಟ್ಟ ಉತ್ತರಗಳನ್ನೂ, ಸಹಕಾರಿ ಕಾಯಿದೆಯು ಕ್ರಮೇಣ ರೂಪಿಸಿದ ಉಪಾಯಗಳನ್ನೂ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

೧

ಒಂದೇ ಸ್ಥಳದಲ್ಲಿ ವಾಸಿಸುವ, ಆದರೆ ಒಂದೇ ಕುಲಕ್ಕೂ ಒಂದೇ ಕಸುಬಿಗೂ ಸೇರದ ಜನರ ಕೂಟಕ್ಕೆ ನಮ್ಮ ಧರ್ಮಶಾಸ್ತ್ರಕಾರರು 'ಪೂಗ' ಎಂಬ ಹೆಸರಿಟ್ಟಿದ್ದರು. ಕುಲವೆಂದರೆ ಬಂಧುಗಳ ಕೂಟ. ಶ್ರೇಣಿಯೆಂದರೆ ಒಂದು ಕಸುಬಿನವರ ಕೂಟ. ಪೂಗವೆಂದರೆ ಬೇರೆ ಬೇರೆ ಜಾತಿಗಳ, ಬೇರೆ ಬೇರೆ ವೃತ್ತಿಗಳ, ಏಕಸ್ಥಾನ ನಿವಾಸಿಗಳ ಕೂಟ. ಈ ವಿವರಣೆಯನ್ನು ಕೊಟ್ಟವನು ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರ. ಆತನು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಕಲ್ಯಾಣದಲ್ಲಿ, ಅರ್ಥಾತ್ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಿ ಇದ್ದವನೆಂಬುದು ವಿದಿತವೇ ಇದೆ. ಹತ್ತು ದೇಶಗಳ ಜನ ಒಂದೇ ಮೆಟ್ಟಿಲನ್ನು ಹತ್ತಿ ಇಳಿಯುವ ಮುಂಬಯಿಯ ಗೃಹಸಂಘಕ್ಕೆ ಇದಕ್ಕಿಂತ ಒಪ್ಪುವ ಲಕ್ಷಣವನ್ನು ಇಂದಿನ ಕಾಯಿದೆ ಪುಸ್ತಕಗಳಲ್ಲಿಯೂ ಹುಡುಕಿ ತೆಗೆಯುವುದು ಕಷ್ಟ.

ಇಂಥ ಸಮೂಹಗಳ ಕಟ್ಟಳೆಗಳನ್ನು ಮೀರುವುದನ್ನು ಶಾಸ್ತ್ರಕಾರರು 'ಸಂವಿದ್ ವ್ಯತಿಕ್ರಮ' ಎಂಬ ಪ್ರತ್ಯೇಕ ವ್ಯವಹಾರಪದವಾಗಿ ಎಣಿಸಿದರು. ಅದರಲ್ಲಿ ಎರಡು ಅಂಶಗಳು ನಮ್ಮ ಪ್ರಸ್ತುತ ವಿಷಯಕ್ಕೆ ಸಂಬಂಧಿಸಿವೆ. ಮೊದಲನೆಯದು, ಸಮೂಹದ ಕಾರ್ಯವನ್ನು ನೋಡಿಕೊಳ್ಳತಕ್ಕ 'ಕಾರ್ಯಚಿಂತಕರು' ಧರ್ಮವನ್ನು ತಿಳಿದವರೂ ಶುಚಿಗಳೂ ಲೋಭವಿಲ್ಲದವರೂ ಆಗಿರಬೇಕೆಂಬುದು. ಎರಡನೆಯದು, ಸಮೂಹದ ಕಾರ್ಯಕ್ಕಾಗಿ ಹೋದವನು ಅಲ್ಲಿ ಪಡೆದುದನ್ನು ತಾನಾಗಿ ಸಮೂಹಕ್ಕೆ ಒಪ್ಪಿಸದಿದ್ದರೆ ಅವನಿಂದ ಹನ್ನೊಂದು ಪಟ್ಟು ವಸೂಲು ಮಾಡಬೇಕೆಂಬುದು. 'ತಾನಾಗಿ' ಎಂಬ ವಿಶೇಷಣವನ್ನು ವಾಚಕರು ಗಮನಿಸಬೇಕು. ಕೇಳಿದ ಮೇಲೆ ಕೊಡುವುದು ಸಾಲದು. ಕೇಳುವ ಮೊದಲೇ ಒಪ್ಪಿಸುವುದು ಕಾರ್ಯಚಿಂತಕನ ಕರ್ತವ್ಯ. ಸುಮ್ಮನಿರುವುದೇ ಇಲ್ಲಿ ಅಪರಾಧಕ್ಕೆ ಮೂಲ.

ಕುಲ, ಶ್ರೇಣಿ, ಪೂಗ, ಇವುಗಳ ಮೇಲೆ ರಾಜನಿಯುಕ್ತ ಅಧಿಕಾರಿಗಳು ಎಂಬ ಮೇಲೇರುವ ಕ್ರಮವನ್ನೂ ಯಾಜ್ಞವಲ್ಕ್ಯ ಸ್ಮೃತಿಯು ಹೇಳುತ್ತದೆ. ನೆರೆಹೊರೆಯವರ ಜಗಳವು ಮೊದಲು ನೆರೆಹೊರೆಯಲ್ಲಿಯೇ ತೀರಬೇಕು, ಅಲ್ಲಿ ತೀರದಿದ್ದರೆ ಮೇಲಕ್ಕೆ ಹೋಗಬೇಕು ಎಂಬುದು ಅದರ ತಾತ್ಪರ್ಯ. ನಮ್ಮ ಹಳ್ಳಿಗಳ 'ಹತ್ತು ಸಮಸ್ತರು' ಈ ತತ್ತ್ವದ ಮೇಲೆಯೇ ಬಹುಕಾಲ ನಿಂತಿದ್ದರು. ಇನ್ನೂ ಹಿಂದೆ, ಕ್ರಿ. ಶ. ಎಂಟನೆಯ ಶತಮಾನದ ಮೊದಲ ಭಾಗದಲ್ಲಿ, ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯನು ಪೊರಿಗೆರೆಯ, ಎಂದರೆ ಇಂದಿನ ಲಕ್ಷ್ಮೇಶ್ವರದ, ಮಹಾಜನರಿಗೂ ನಗರದವರಿಗೂ ಹಾಕಿಕೊಟ್ಟ ವ್ಯವಸ್ಥಾಶಾಸನವು ರಾಜಪುರುಷರ ಕರ್ತವ್ಯವನ್ನೂ ಊರವರ ಕರ್ತವ್ಯವನ್ನೂ ಎದುರುಬದುರಾಗಿ ನಿರೂಪಿಸುತ್ತದೆ. ತೆರಿಗೆ ಕೊಡತಕ್ಕವರು ಯಾರು ಎಂಬುದನ್ನು ಹೇಳುವ ಶಾಸನವೇ ತೆರಿಗೆ ಪಡೆಯುವವರು ಏನು ಮಾಡಬೇಕು ಎಂಬುದನ್ನೂ ಹೇಳಿದ್ದು ಅದರ ವೈಶಿಷ್ಟ್ಯ.

ಮಂಡಳಿಗಳ ವಿಷಯದಲ್ಲಿ ಎಲ್ಲಕ್ಕಿಂತ ಸ್ಪಷ್ಟವಾದ ಪ್ರಾಚೀನ ದಾಖಲೆಯೆಂದರೆ ಇಂದಿನ ತಮಿಳುನಾಡಿನ ಕಾಂಚೀಪುರಂ ಜಿಲ್ಲೆಯ ಉತ್ತರಮೇರೂರಿನದು. ಚೋಳ ಒಂದನೆಯ ಪರಾಂತಕನ ಕಾಲದಲ್ಲಿ, ಕ್ರಿ. ಶ. ೯೧೯ ಮತ್ತು ೯೨೧ರಲ್ಲಿ, ಆ ಊರಿನ ಬ್ರಾಹ್ಮಣ ಸಭೆಯು ತನ್ನ ವಾರ್ಷಿಕ ಮಂಡಳಿ, ತೋಟದ ಮಂಡಳಿ, ಕೆರೆಯ ಮಂಡಳಿ ಇವುಗಳಿಗೆ ಸದಸ್ಯರನ್ನು ಆರಿಸುವ ಕ್ರಮವನ್ನು ಕಲ್ಲಿನಲ್ಲಿ ಕೊರೆಸಿತು. ಮೂವತ್ತು ಕೇರಿಗಳಿಂದ ಹೆಸರು ಬರೆದ ಓಲೆಗಳನ್ನು ಗಡಿಗೆಯಲ್ಲಿ ಹಾಕಿ, ಬಾಲಕನೊಬ್ಬನಿಂದ ಎತ್ತಿಸುತ್ತಿದ್ದರು. ಮಂಡಳಿಗೆ ಬರತಕ್ಕವನಿಗೆ ಸ್ವಂತ ನಿವೇಶನದಲ್ಲಿ ಕಟ್ಟಿದ ಮನೆಯಿರಬೇಕು. ವಯಸ್ಸು ೩೫ಕ್ಕೆ ಮೇಲೂ ೭೦ಕ್ಕೆ ಒಳಗೂ ಇರಬೇಕು. ಹಿಂದಿನ ಮೂರು ವರ್ಷಗಳಲ್ಲಿ ಅವನು ಮಂಡಳಿಯಲ್ಲಿ ಇದ್ದಿರಬಾರದು. ಇವುಗಳ ಜೊತೆಗೆ ಇನ್ನೊಂದು ನಿಬಂಧನೆ: ಹಿಂದೆ ಯಾವುದಾದರೂ ಮಂಡಳಿಯಲ್ಲಿದ್ದು ಲೆಕ್ಕವನ್ನು ಒಪ್ಪಿಸದವನೂ, ಅವನ ಹತ್ತಿರದ ಬಂಧುಗಳೂ ಮತ್ತೆ ಮಂಡಳಿಗೆ ಅರ್ಹರಲ್ಲ.

ಆ ಸಭೆಯ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಭೂಮಿಯೂ ವಿದ್ಯೆಯೂ ಜಾತಿಯೂ ಅದಕ್ಕೆ ಅಗಳಿಗಳಾಗಿದ್ದುವು. ಇಂದಿನ ಸಹಕಾರಿ ಕಾಯಿದೆಯು ಅದರಿಂದ ಹುಟ್ಟಿತೆಂದು ಹೇಳುವುದೂ ಇತಿಹಾಸಕ್ಕೆ ಅಪಚಾರವಾದೀತು, ಎರಡಕ್ಕೂ ವಂಶಸಂಬಂಧವಿಲ್ಲ. ಆದರೂ ಒಂದು ಮಾತು ನಿಲ್ಲುತ್ತದೆ. ಲೆಕ್ಕ ಕೊಡದ ಮೌನವನ್ನು ಕೇವಲ ಅಸೌಜನ್ಯವೆಂದು ಬಿಡದೆ, ಅದಕ್ಕೆ ಅನರ್ಹತೆಯೆಂಬ ನಿಶ್ಚಿತ ಫಲವನ್ನು ಸಾವಿರದ ನೂರು ವರ್ಷಗಳ ಹಿಂದೆಯೇ ಒಂದು ಗ್ರಾಮವು ಗೊತ್ತುಮಾಡಿತ್ತು.

೨

ಆಧುನಿಕ ಸಹಕಾರಿ ಚಳವಳಿಯು ನಮ್ಮ ದೇಶಕ್ಕೆ ಬಂದುದು ಸಾಲದ ಬಾಗಿಲಿನಿಂದ. ೧೯೦೪ರ ಕಾಯಿದೆಯು ಪತ್ತಿನ ಸಂಘಗಳಿಗೆ ಮಾತ್ರ ಅವಕಾಶವಿತ್ತಿತ್ತು. ಅದರ ಮೇರೆಗೆ ೧೯೦೫ರಲ್ಲಿ ಧಾರವಾಡ ಜಿಲ್ಲೆಯ, ಇಂದು ಗದಗ ಜಿಲ್ಲೆಗೆ ಸೇರಿದ, ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಗ್ರಾಮೀಣ ಪತ್ತಿನ ಸಂಘವನ್ನು ಸ್ಥಾಪಿಸಿದರೆಂಬುದು ಕನ್ನಡಿಗರೆಲ್ಲ ಹೆಮ್ಮೆಪಡತಕ್ಕ ಸಂಗತಿ. ೧೯೧೨ರ ಎರಡನೆಯ ಕಾಯಿದೆಯು ಇತರ ಉದ್ದೇಶಗಳ ಸಂಘಗಳಿಗೂ ದಾರಿ ತೆರೆಯಿತು. ಹೀಗೆ ಗೃಹನಿರ್ಮಾಣ ಸಂಘವು ಬ್ರಿಟಿಷ್ ಭಾರತದ ಕಾಯಿದೆಯಲ್ಲಿ ಸ್ಥಾನ ಪಡೆಯಿತು. ಮೈಸೂರು ಸಂಸ್ಥಾನದಲ್ಲಿಯಾದರೋ ೧೯೦೫ರ ಪ್ರತ್ಯೇಕ ಕಾನೂನಿತ್ತು. ೧೯೦೯ರಷ್ಟು ಹಿಂದೆಯೇ ಬೆಂಗಳೂರಿನಲ್ಲಿ ಮನೆ ಕಟ್ಟುವವರ ಸಹಕಾರಿ ಸಂಘವೊಂದು ಏರ್ಪಟ್ಟಿತ್ತು.

ಮುಂಬಯಿಯಲ್ಲಿ ಈ ಕಾರ್ಯಕ್ಕೆ ಮುಂದಾದವರು ಕೆನರಾ ಪ್ರಾಂತದಿಂದ ಬಂದವರೇ. ಉತ್ತರ ಕನ್ನಡ ಜಿಲ್ಲೆಯು ೧೮೬೨ರಲ್ಲಿ ಮದ್ರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿದ ಮೇಲೆ, ಅಲ್ಲಿಯ ವಿದ್ಯಾವಂತರು ಉದ್ಯೋಗಕ್ಕಾಗಿ ಈ ನಗರಕ್ಕೆ ಬರತೊಡಗಿದರು. ಮನೆಯಲ್ಲಿ ಕೊಂಕಣಿಯನ್ನೂ ಶಾಲೆಯಲ್ಲಿ ಕನ್ನಡವನ್ನೂ ಕಲಿತ ಸಾರಸ್ವತರು ಅವರಲ್ಲಿ ಗಣ್ಯರು. ಆ ಸಮಾಜದ ಶ್ರೀಪಾದ ಸುಬ್ಬರಾವ್ ತಲಮಕಿಯವರು ೧೯೦೬ರಲ್ಲಿ ಶಾಮರಾವ್ ವಿಠಲ ಸಹಕಾರಿ ಬ್ಯಾಂಕನ್ನು ಸ್ಥಾಪಿಸಿದರು. ೧೯೧೫ರಲ್ಲಿ ಗಾಮದೇವಿಯ ಸಾರಸ್ವತ ಸಹಕಾರಿ ಗೃಹಸಂಘಕ್ಕೆ ಕಾರಣರಾದರು. ಭಾರತದ ಸಹಕಾರಿ ಗೃಹನಿರ್ಮಾಣದ ಜನಕರೆಂದು ಅವರು ಕೀರ್ತಿತರಾಗಿದ್ದಾರೆ. ಕಟ್ಟಡಗಳೆಲ್ಲ ಸಂಘದ ಒಡೆತನದಲ್ಲಿದ್ದು, ಸದಸ್ಯರು ಪಾಲುದಾರರೂ ಹೌದು ಬಾಡಿಗೆದಾರರೂ ಹೌದು ಎಂಬ ಪದ್ಧತಿಯನ್ನು ಆ ಸಂಘವು ಇಂಗ್ಲೆಂಡಿನ ಸಹಭಾಗಿತ್ವ ಸಂಘಗಳ ಮಾದರಿಯ ಮೇಲೆ ಅನುಸರಿಸಿತು. ಒಡೆಯನೂ ಒಕ್ಕಲೂ ಒಬ್ಬನೇ ಆಗುವ ಈ ವ್ಯವಸ್ಥೆಯಲ್ಲಿ ಬಾಡಿಗೆಯ ಜಗಳವೇ ಹುಟ್ಟಲಾರದು ಎಂಬುದು ಅಂದಿನ ಆದರ್ಶ.

ಸಣ್ಣ ಸಂಘದಲ್ಲಿ, ಒಂದೇ ಸಮಾಜದ ಜನರಲ್ಲಿ, ಆ ಆದರ್ಶ ಸುಲಭವಾಗಿ ನಡೆಯಬಲ್ಲದು. ಮಂಡಳಿಯ ಕಾರ್ಯದರ್ಶಿಯನ್ನು ಮದುವೆ ಮುಂಜಿಗಳಲ್ಲಿ ಎದುರುಗೊಳ್ಳಬೇಕಾದ ಕಡೆ ಮೌನಕ್ಕೆ ಎಡೆ ಕಡಿಮೆ. ಆದರೂ ಕಾಯಿದೆಯನ್ನು ರಚಿಸಿದವರು ಮನುಷ್ಯ ಸ್ವಭಾವವನ್ನು ಮರೆಯಲಿಲ್ಲ. ೧೯೧೨ರ ಕಾಯಿದೆಯಲ್ಲಿ ಮೂರು ರಕ್ಷಣೆಗಳನ್ನು ಅವರು ಇರಿಸಿದರು. ಪ್ರತಿಯೊಂದು ಸಂಘದ ಲೆಕ್ಕವನ್ನು ವರ್ಷಕ್ಕೊಮ್ಮೆಯಾದರೂ ರಿಜಿಸ್ಟ್ರಾರರು ಪರಿಶೋಧಿಸತಕ್ಕದ್ದು. ಸದಸ್ಯರಲ್ಲಿ ತೃತೀಯಾಂಶಕ್ಕೆ ಕಡಿಮೆಯಲ್ಲದಷ್ಟು ಮಂದಿ ಬೇಡಿದರೆ ಸಂಘದ ಸ್ಥಿತಿಗತಿಗಳನ್ನು ವಿಚಾರಣೆ ಮಾಡತಕ್ಕದ್ದು. ಸದಸ್ಯನಿಗೂ ಮಂಡಳಿಗೂ ನಡುವೆ ಸಂಘದ ವ್ಯವಹಾರಕ್ಕೆ ಸಂಬಂಧಿಸಿದ ವಿವಾದವು ಹುಟ್ಟಿದರೆ ಅದನ್ನು ರಿಜಿಸ್ಟ್ರಾರರ ಇಲ್ಲವೆ ಪಂಚರ ತೀರ್ಮಾನಕ್ಕೆ ಒಪ್ಪಿಸುವಂತೆ ಪ್ರಾಂತ ಸರಕಾರಗಳು ನಿಯಮ ಮಾಡಬಹುದು.

ಮುಂಬಯಿ ಪ್ರಾಂತವು ೧೯೨೫ರಲ್ಲಿ ತನ್ನದೇ ಆದ ಸಹಕಾರಿ ಕಾಯಿದೆಯನ್ನು ಮಾಡಿಕೊಂಡಾಗ, ಅದರ ೫೪ನೆಯ ಕಲಮು ಈ ವಿವಾದಗಳನ್ನು ರಿಜಿಸ್ಟ್ರಾರರಿಗೂ ಅವರು ನೇಮಿಸಿದ ಪಂಚರಿಗೂ ವಹಿಸಿತು. ಸಿವಿಲ್ ಕೋರ್ಟಿನ ವೆಚ್ಚವನ್ನೂ ವಿಳಂಬವನ್ನೂ ಬಡ ಸದಸ್ಯನಿಗೆ ತಪ್ಪಿಸಬೇಕೆಂಬುದು ಇದರ ಹಿಂದಿನ ಸದುದ್ದೇಶ. ಕಲ್ಯಾಣದ ವ್ಯಾಖ್ಯಾನಕಾರನು ಕಂಡ ಏಣಿಯೇ ಇಲ್ಲಿ ಇನ್ನೊಂದು ರೂಪದಲ್ಲಿ ಕಾಣುತ್ತದೆ: ಮೊದಲು ಸಮೂಹ, ಅನಂತರ ಅಧಿಕಾರಿ.

೩

ಎರಡನೆಯ ಮಹಾಯುದ್ಧದ ಬಳಿಕ ಚಿತ್ರವು ಬದಲಾಯಿತು. ೧೯೪೭ರ ದೇಶವಿಭಜನೆಯಿಂದ ನಿರಾಶ್ರಿತರ ಪ್ರವಾಹ ನಗರಕ್ಕೆ ಹರಿಯಿತು. ಅದೇ ವರ್ಷದ ಬಾಡಿಗೆ ನಿಯಂತ್ರಣ ಕಾಯಿದೆಯು ಇದ್ದ ಬಾಡಿಗೆದಾರರನ್ನು ರಕ್ಷಿಸಿತಾದರೂ, ಬಾಡಿಗೆಗಾಗಿ ಹೊಸ ಮನೆ ಕಟ್ಟುವವರ ಉತ್ಸಾಹ ಕುಗ್ಗಿತು. ಕಟ್ಟುವವನು ಮಾರಿಬಿಡುವ, ಕೊಂಡವರು ಸಂಘ ಮಾಡಿಕೊಳ್ಳುವ ಪದ್ಧತಿ ಬೆಳೆಯಿತು. ಗಾಮದೇವಿಯಲ್ಲಿ ಸಂಘವು ಮೊದಲು, ಕಟ್ಟಡವು ಆಮೇಲೆ. ಈಗ ಕಟ್ಟಡವು ಮೊದಲು, ಸಂಘವು ಆಮೇಲೆ. ಒಬ್ಬರನ್ನೊಬ್ಬರು ಅರಿತು ಕೂಡಿದ ಜನರ ಬದಲು, ಬೆಲೆಪಟ್ಟಿಯು ಒಂದುಗೂಡಿಸಿದ ಜನರು ಸದಸ್ಯರಾದರು. ಸಹಕಾರವು ಅವರಿಗೆ ವ್ರತವಾಗಿರಲಿಲ್ಲ. ಅದು ಖರೀದಿಯ ಕಾಗದಪತ್ರಗಳಲ್ಲಿ ಒಂದಾಗಿತ್ತು.

ಹೊಸ ರಾಜ್ಯವಾದ ಮಹಾರಾಷ್ಟ್ರದ ಸಹಕಾರಿ ಸಂಘಗಳ ೧೯೬೦ರ ಕಾಯಿದೆಯು ೧೯೬೨ರ ಜನವರಿ ೨೬ರಿಂದ ಜಾರಿಗೆ ಬಂದಿತು. ಮಾರಾಟಗಾರರ ಮೇಲಿನ ಹತೋಟಿಗಾಗಿ ೧೯೬೩ರ ಒಡೆತನದ ಬಿಡಾರಗಳ ಕಾಯಿದೆ ಬಂದಿತು. ೧೯೬೦ರ ಕಾಯಿದೆಯನ್ನೂ ಅದಕ್ಕೆ ಕಾಲಕಾಲಕ್ಕೆ ಆದ ತಿದ್ದುಪಡಿಗಳನ್ನೂ ಮೌನವೆಂಬ ಒಂದೇ ದೃಷ್ಟಿಯಿಂದ ಪರಿಶೀಲಿಸಿದರೆ, ಮೂರು ಬಗೆಯ ಉಪಾಯಗಳು ಅವುಗಳಲ್ಲಿ ಬೆಳೆದುಬಂದುದನ್ನು ಕಾಣಬಹುದು.

ಮೊದಲನೆಯದು, ಮೌನವನ್ನು ಸಮ್ಮತಿಯೆಂದು ಪರಿಗಣಿಸುವುದು. 'ಮೌನಂ ಸಮ್ಮತಿ ಲಕ್ಷಣಂ' ಎಂಬ ಹಳೆಯ ನುಡಿಯನ್ನು ಕಾಯಿದೆಯು ಅಕ್ಷರಶಃ ಕೈಗೆತ್ತಿಕೊಂಡಿತು. ಸದಸ್ಯತ್ವಕ್ಕಾಗಿ ಬಂದ ಅರ್ಜಿಯ ಮೇಲಿನ ನಿರ್ಣಯವನ್ನು ಮೂರು ತಿಂಗಳೊಳಗೆ ತಿಳಿಸದಿದ್ದರೆ ಅರ್ಜಿದಾರನು ಸದಸ್ಯನಾದಂತೆಯೇ ಎಂದು ೨೨ನೆಯ ಕಲಮು ಹೇಳಿತು. ಆಗ ಚತುರ ಮಂಡಳಿಗಳು ಅರ್ಜಿಯನ್ನೇ ಕೈಯಲ್ಲಿ ಹಿಡಿಯದೆ ಹಿಂದಕ್ಕೆ ಕಳಿಸತೊಡಗಿದರೆ? ಅದಕ್ಕೂ ೨೩ನೆಯ ಕಲಮಿನಲ್ಲಿ ಮಾರ್ಗವನ್ನು ಸೇರಿಸಲಾಯಿತು. ಅಂಥ ಅರ್ಜಿಯನ್ನೂ ಹಣವನ್ನೂ ರಿಜಿಸ್ಟ್ರಾರರಿಗೆ ಒಪ್ಪಿಸಬಹುದು. ಅವರು ಅದನ್ನು ೩೦ ದಿನಗಳೊಳಗೆ ಸಂಘಕ್ಕೆ ಕಳಿಸಬೇಕು. ಸಂಘವು ೬೦ ದಿನಗಳೊಳಗೆ ಉತ್ತರಿಸದಿದ್ದರೆ ಅರ್ಜಿದಾರನು ಸದಸ್ಯನೇ ಸರಿ. ೨೦೦೮ರಲ್ಲಿ ಇದೇ ಯುಕ್ತಿಯನ್ನು ಬೇರೊಂದು ಮೌನದ ವಿರುದ್ಧ ಬಳಸಲಾಯಿತು. ಬಿಡಾರಗಳನ್ನು ಮಾರಿಯೂ ನೆಲದ ಒಡೆತನವನ್ನು ಸಂಘಕ್ಕೆ ಬರೆದುಕೊಡದೆ ಕಾಲಕಳೆಯುವ ಕಟ್ಟುವವರ ಬದಲಿಗೆ, ಸಕ್ಷಮ ಅಧಿಕಾರಿಯ ಪ್ರಮಾಣಪತ್ರದ ಮೇಲೆ ಒಡೆತನವು ವರ್ಗವಾಗುವಂತೆ ೧೯೬೩ರ ಕಾಯಿದೆಯನ್ನು ತಿದ್ದಲಾಯಿತು.

ಎರಡನೆಯದು, ಮೌನಿಯ ಕೆಲಸವನ್ನು ಬೇರೊಬ್ಬರಿಂದ ಮಾಡಿಸುವುದು. ಸದಸ್ಯರಲ್ಲಿ ಪಂಚಮಾಂಶದಷ್ಟು ಮಂದಿ ಲಿಖಿತವಾಗಿ ಬೇಡಿದರೆ ಮಂಡಳಿಯು ಒಂದು ತಿಂಗಳೊಳಗೆ ವಿಶೇಷ ಮಹಾಸಭೆಯನ್ನು ಕರೆಯಬೇಕೆಂದು ೭೬ನೆಯ ಕಲಮು ವಿಧಿಸಿತು. ಮಂಡಳಿಯು ಕರೆಯದಿದ್ದರೆ ರಿಜಿಸ್ಟ್ರಾರರೇ ಕರೆಯಬಹುದು. ಅವಧಿ ಮುಗಿದರೂ ಹೊಸ ಮಂಡಳಿ ಬರದಿದ್ದರೆ ೭೭-ಅ ಕಲಮಿನಂತೆ ಆಡಳಿತವನ್ನು ತಾತ್ಕಾಲಿಕವಾಗಿ ಬೇರೆಯವರಿಗೆ ವಹಿಸಬಹುದು. ಸಂಘದ ಕಾರ್ಯಗಳ ವಿಚಾರಣೆಗೆ ೧೯೧೨ರಲ್ಲಿ ಸದಸ್ಯರ ತೃತೀಯಾಂಶವು ಬೇಕಾಗಿತ್ತಷ್ಟೆ. ಮಹಾರಾಷ್ಟ್ರದಲ್ಲಿ ಅದು ೨೦೧೩ರ ತಿದ್ದುಪಡಿಗಳ ಹೊತ್ತಿಗೆ ಪಂಚಮಾಂಶಕ್ಕೆ ಇಳಿಯಿತು. ಮೂವತ್ತು ಮನೆಗಳ ಕಟ್ಟಡದಲ್ಲಿ ಹತ್ತು ಸಹಿಗಳಿಗೂ ಆರು ಸಹಿಗಳಿಗೂ ಇರುವ ಅಂತರವೆಷ್ಟೆಂಬುದು ಸಹಿಗಾಗಿ ಬಾಗಿಲು ತಟ್ಟಿದವರಿಗೇ ಗೊತ್ತು. ಒಂದು ಶತಮಾನದ ಅನುಭವವು ಆ ನಾಲ್ಕು ಸಹಿಗಳಲ್ಲಿ ಅಡಗಿದೆ.

ಮೂರನೆಯದು, ಮೌನದ ಹೊರೆಯನ್ನು ಮೌನಿಯ ತಲೆಯ ಮೇಲೆಯೇ ಹೊರಿಸುವುದು. ವಾರ್ಷಿಕ ಸಭೆಯನ್ನು ಕಾಲಕ್ಕೆ ಸರಿಯಾಗಿ ಕರೆಯದ, ಲೆಕ್ಕಗಳನ್ನು ಅದರ ಮುಂದಿಡದ ಅಧಿಕಾರಿಗಳನ್ನು ಕೆಲವು ವರ್ಷಗಳ ಮಟ್ಟಿಗೆ ಅನರ್ಹರೆಂದು ಸಾರುವ ಅಧಿಕಾರವನ್ನು ೭೫ನೆಯ ಕಲಮು ಕೊಟ್ಟಿತು. ಸಂಘದ ಹಣವನ್ನು ದುರುಪಯೋಗ ಮಾಡಿದವರಿಂದ ಅದನ್ನು ವೈಯಕ್ತಿಕವಾಗಿ ತುಂಬಿಸುವ ಅಧಿಕಾರವನ್ನು ೮೮ನೆಯ ಕಲಮು ಕೊಟ್ಟಿತು. ಉತ್ತರಮೇರೂರಿನ ಸಭೆಯು ಈ ಕಲಮುಗಳನ್ನು ಓದಿದ್ದರೆ ಅವುಗಳಲ್ಲಿ ಅಪರಿಚಿತವಾದುದೇನನ್ನೂ ಕಾಣುತ್ತಿರಲಿಲ್ಲ. ಬಂಧುಗಳನ್ನು ಏಕೆ ಬಿಟ್ಟಿರಿ ಎಂದು ಕೇಳುತ್ತಿತ್ತೋ ಏನೋ!

ಈ ಮೂರಕ್ಕೂ ಆಧಾರವಾದುದು ೩೨ನೆಯ ಕಲಮು. ಉಪವಿಧಿಗಳು, ಪರಿಶೋಧಿತ ಅಢಾವೆ ಪತ್ರಿಕೆ, ಮಹಾಸಭೆಯ ಮತ್ತು ಮಂಡಳಿಯ ನಡಾವಳಿಗಳು, ತನ್ನ ವ್ಯವಹಾರಕ್ಕೆ ಸಂಬಂಧಿಸಿದ ಲೆಕ್ಕಗಳು, ಇವುಗಳನ್ನು ಸಂಘದ ಕಛೇರಿಯಲ್ಲಿ ಉಚಿತವಾಗಿ ನೋಡುವ ಹಕ್ಕನ್ನು ಅದು ಪ್ರತಿಯೊಬ್ಬ ಸದಸ್ಯನಿಗೆ ಕೊಟ್ಟಿತು. ಶುಲ್ಕ ತೆತ್ತವನಿಗೆ ಒಂದು ತಿಂಗಳೊಳಗೆ ನಕಲುಗಳು ಸಿಗಬೇಕೆಂದೂ ಹೇಳಿತು. ೨೦೧೯ರಲ್ಲಿ ಗೃಹಸಂಘಗಳಿಗಾಗಿ ಕಾಯಿದೆಯಲ್ಲಿ ಒಂದು ಪ್ರತ್ಯೇಕ ಅಧ್ಯಾಯವೇ ಸೇರಿದ್ದರಿಂದ, ಇಂದು ಅರ್ಜಿ ಬರೆಯುವವರು ಹಳೆಯ ಕಲಮುಗಳ ಜೊತೆಗೆ ಆ ಅಧ್ಯಾಯವನ್ನೂ ನೋಡಿಕೊಳ್ಳಬೇಕು.

೪

ಹಾಗಾದರೆ ಸದಸ್ಯನ ಕಷ್ಟವು ತೀರಿತೆ? ತೀರಲಿಲ್ಲ. ಅದಕ್ಕೆ ಕಾರಣಗಳನ್ನು ನ್ಯಾಯಾಲಯಗಳ ಇತಿಹಾಸದಲ್ಲಿ ಹುಡುಕಬೇಕು.

೧೯೬೦ರ ಕಾಯಿದೆಯ ೯೧ನೆಯ ಕಲಮು ಹಳೆಯ ೫೪ನೆಯ ಕಲಮಿನ ಉತ್ತರಾಧಿಕಾರಿ. ಸಂಘದ ರಚನೆ, ಚುನಾವಣೆ, ಸಭೆಗಳು, ಆಡಳಿತ, ವ್ಯವಹಾರ ಇವುಗಳಿಗೆ 'ಸಂಬಂಧಿಸಿದ' ವಿವಾದಗಳು ಅದರ ವ್ಯಾಪ್ತಿಗೆ ಬರುತ್ತವೆ. ಈ 'ಸಂಬಂಧ'ವು ಎಷ್ಟು ದೂರ ಚಾಚುತ್ತದೆ ಎಂಬುದೇ ದೊಡ್ಡ ವ್ಯಾಜ್ಯವಾಯಿತು. ೧೯೬೯ರಲ್ಲಿ ಸಹಕಾರಿ ಬ್ಯಾಂಕೊಂದರ ಕಟ್ಟಡದಲ್ಲಿದ್ದ ಬಾಡಿಗೆದಾರನ ಪ್ರಕರಣದಲ್ಲಿ, ಅಂಥ ಒಡೆಯ-ಒಕ್ಕಲುಗಳ ಜಗಳವು ಸಂಘದ ವ್ಯವಹಾರಕ್ಕೆ ಸಂಬಂಧಿಸಿದ್ದಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ಹೇಳಿತು. ೧೯೮೨ರಲ್ಲಿ ಮುಂಬಯಿಯ ಗೃಹಸಂಘವೊಂದರ ಪ್ರಕರಣದಲ್ಲಿ, ಸದಸ್ಯರಿಗೆ ವಾಸಸ್ಥಾನವನ್ನು ಒದಗಿಸುವುದೇ ಗೃಹಸಂಘದ ವ್ಯವಹಾರವಾದ್ದರಿಂದ ಬಿಡಾರದಲ್ಲಿ ಕುಳಿತ ಪರವಾನಗಿದಾರನನ್ನು ಬಿಡಿಸುವ ವಿವಾದವೂ ೯೧ನೆಯ ಕಲಮಿಗೆ ಬರುತ್ತದೆಂದು ಅದೇ ನ್ಯಾಯಾಲಯವು ನಿರ್ಣಯಿಸಿತು. ಸಾಮಾನ್ಯ ಸದಸ್ಯನ ಪಾಲಿಗೆ ಇದರ ಅರ್ಥವಿಷ್ಟೆ: ತಪ್ಪು ಬಾಗಿಲನ್ನು ತಟ್ಟಿದರೆ, ತಪ್ಪು ಬಾಗಿಲೆಂದು ತಿಳಿಯುವುದಕ್ಕೇ ವರ್ಷಗಳು ಹಿಡಿಯಬಹುದು.

ರಿಜಿಸ್ಟ್ರಾರರು ನೇಮಿಸುತ್ತಿದ್ದ ಪಂಚರ ಸ್ಥಾನದಲ್ಲಿ ೧೯೭೦ರ ದಶಕದಲ್ಲಿ ಸಹಕಾರಿ ನ್ಯಾಯಾಲಯಗಳು ಬಂದುವು. ವಕೀಲರು, ಸಾಕ್ಷಿಗಳು, ವಾಯಿದೆಗಳು, ಮೇಲ್ಮನವಿಗಳು ಎಲ್ಲವೂ ಅವುಗಳೊಂದಿಗೆ ಬಂದುವು. ಕೋರ್ಟಿನ ವಿಳಂಬವನ್ನು ತಪ್ಪಿಸಲು ಹೊರಟ ವ್ಯವಸ್ಥೆಯು ಕೊನೆಗೆ ಇನ್ನೊಂದು ಕೋರ್ಟಾಗಿ ಪರಿಣಮಿಸಿದ್ದು ಇತಿಹಾಸದ ವಿಡಂಬನೆ. ಇದಕ್ಕೆ ಪ್ರತಿಯಾಗಿ, ಸದಸ್ಯನಿಂದ ಬರಬೇಕಾದ ಬಾಕಿಯನ್ನು ವಸೂಲು ಮಾಡಲು ಸಂಘಕ್ಕೆ ೧೦೧ನೆಯ ಕಲಮು ಚುರುಕಾದ ದಾರಿಯನ್ನು ಕೊಟ್ಟಿತು. ವ್ಯಾಜ್ಯ ಹೂಡದೆ ರಿಜಿಸ್ಟ್ರಾರರಿಂದ ಪ್ರಮಾಣಪತ್ರವನ್ನು ಪಡೆದು, ಭೂಕಂದಾಯದ ಬಾಕಿಯಂತೆಯೇ ವಸೂಲು ಮಾಡಬಹುದು. ಮಂಡಳಿಗೆ ಸದಸ್ಯನ ಮೇಲಿರುವ ಅಸ್ತ್ರವು ಶೀಘ್ರ. ಸದಸ್ಯನಿಗೆ ಮಂಡಳಿಯ ಮೇಲಿರುವ ಅಸ್ತ್ರವು ಮಂದ. ಪೊರಿಗೆರೆಯ ಶಾಸನವು ಎರಡೂ ಕಡೆಯ ಕರ್ತವ್ಯಗಳನ್ನು ಒಂದೇ ಕಂಬದ ಮೇಲೆ ಬರೆಸಿದ್ದನ್ನು ಇಲ್ಲಿ ನೆನೆಯಬೇಕು.

ಇತ್ತೀಚಿನ ಎರಡು ತೀರ್ಪುಗಳೂ ಸದಸ್ಯನ ನಿರೀಕ್ಷೆಗಳನ್ನು ಮಿತಿಗೊಳಿಸಿವೆ. ಮಾಹಿತಿ ಹಕ್ಕಿನ ೨೦೦೫ರ ಕಾಯಿದೆಯಂತೆ ಸಂಘದಿಂದ ಮಾಹಿತಿ ಪಡೆಯಬಹುದೆಂದು ಹಲವರು ತಿಳಿದಿದ್ದರು. ಸರಕಾರದ ಗಣನೀಯ ಹತೋಟಿಯೂ ಹಣವೂ ಇಲ್ಲದ ಸಹಕಾರಿ ಸಂಘವು ಸಾರ್ವಜನಿಕ ಪ್ರಾಧಿಕಾರವಲ್ಲವೆಂದು ೨೦೧೩ರಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿತು. ರಿಜಿಸ್ಟ್ರಾರರು ಕಾಯಿದೆಯ ಮೇರೆಗೆ ಪಡೆಯಬಲ್ಲ ಮಾಹಿತಿಯನ್ನು ಅವರ ಮೂಲಕ ಕೇಳುವ ದಾರಿ ಮಾತ್ರ ಉಳಿಯಿತು. ಸಹಕಾರಿ ಸಂಘಗಳ ಚುನಾವಣೆ, ಲೆಕ್ಕಪರಿಶೋಧನೆ, ಸದಸ್ಯರ ಮಾಹಿತಿಯ ಹಕ್ಕು ಇವುಗಳನ್ನು ಸಂವಿಧಾನದಲ್ಲಿಯೇ ಸೇರಿಸಿದ ೨೦೧೧ರ ೯೭ನೆಯ ತಿದ್ದುಪಡಿಯ ಮುಖ್ಯ ಭಾಗವು, ರಾಜ್ಯಗಳ ಅನುಮೋದನೆಯನ್ನು ಪಡೆದಿರಲಿಲ್ಲವೆಂಬ ಕಾರಣದಿಂದ, ರಾಜ್ಯದೊಳಗಿನ ಸಂಘಗಳ ಮಟ್ಟಿಗೆ ೨೦೨೧ರಲ್ಲಿ ರದ್ದಾಯಿತು. ಸಹಕಾರಿ ಸಂಘವನ್ನು ಕಟ್ಟುವ ಮೂಲಭೂತ ಹಕ್ಕು ಉಳಿಯಿತು. ಅದು ಚೆನ್ನಾಗಿ ನಡೆಯುವಂತೆ ನೋಡಿಕೊಳ್ಳುವ ಹೊಣೆ ರಾಜ್ಯ ಕಾಯಿದೆಗಳಿಗೂ ಸದಸ್ಯರಿಗೂ ಮರಳಿತು.

ಬೆಂಗಳೂರಿನ ವಾಚಕರಿಗಾಗಿ ಒಂದು ಮಾತು. ಅಲ್ಲಿಯ ಸಹಕಾರಿ ಸಂಘಗಳಿಗೆ ೧೯೫೯ರ ಕಾಯಿದೆಯ ೭೦ನೆಯ ಕಲಮು ಇಂಥದೇ ವಿವಾದಪರಿಹಾರವನ್ನು ಒದಗಿಸುತ್ತದೆ. ಆದರೆ ಅನೇಕ ಬಿಡಾರಗಳ ಒಡೆಯರು ತಮ್ಮ ಸಂಘಗಳನ್ನು ೧೯೬೦ರ ಸಂಘಗಳ ನೋಂದಣಿ ಕಾಯಿದೆಯಂತೆ ನೋಂದಾಯಿಸಿದ್ದಾರೆ. ಅಂಥ ಸಂ‌ಘಗಳಿಗೆ ೭೦ನೆಯ ಕಲಮು ಅನ್ವಯಿಸುವುದಿಲ್ಲ. ಅಲ್ಲಿ ವಿಚಾರಣೆಗಾಗಿ ಸದಸ್ಯರ ತೃತೀಯಾಂಶವು ಬೇಡಬೇಕು, ಅಥವಾ ರಿಜಿಸ್ಟ್ರಾರರು ತಾವಾಗಿ ಮನಸ್ಸು ಮಾಡಬೇಕು. ಯಾವ ಕಾಯಿದೆಯ ಕೆಳಗೆ ತಮ್ಮ ಸಂಘವಿದೆ ಎಂಬುದನ್ನು ಮೊದಲು ಅರಿಯದೆ ಬರೆದ ಪತ್ರವು ವಿಳಾಸವಿಲ್ಲದ ಲಕೋಟೆಯಂತೆ.

೫

ಬ್ಯಾಂಕಿನ ಮೇಜಿನ ಮೇಲೆ ಹಾದುಹೋಗುವ ಸಾಲದ ಕಾಗದಪತ್ರಗಳಲ್ಲಿ ಮಂಡಳಿಯ ಮೌನದ ಬೆಲೆಯನ್ನು ರೂಪಾಯಿಗಳಲ್ಲಿ ಎಣಿಸಬಹುದು. ಸಂಘದ ಶೇರು ಪತ್ರವೂ, ಅಡಮಾನಕ್ಕೆ ಅಭ್ಯಂತರವಿಲ್ಲವೆಂಬ ಪತ್ರವೂ ಇಲ್ಲದೆ ಸಾಲ ಸಾಗುವುದು ಕಷ್ಟ. ಸಾಲ ಸಾಗದಿದ್ದರೆ ಕೊಳ್ಳುವವನು ಹಿಂದೆಗೆಯುತ್ತಾನೆ. ಮಗಳ ಮದುವೆಗೋ ಶಸ್ತ್ರಚಿಕಿತ್ಸೆಗೋ ಮನೆ ಮಾರಹೊರಟವನು ಅಲ್ಲಿಯೇ ನಿಲ್ಲುತ್ತಾನೆ. ಮೃತ ಸದಸ್ಯನ ನಾಮನಿರ್ದೇಶಿತನ ವಿಷಯದಲ್ಲಿಯಾದರೋ, ಪಶ್ಚಿಮ ಬಂಗಾಳದ ಕಾಯಿದೆಗೆ ಸಂಬಂಧಿಸಿದ ಪ್ರಕರಣದಲ್ಲಿ ೨೦೧೬ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿದ ಮಾತು ಉಪಯುಕ್ತವಾಗಿದೆ: ಸಂಘವು ನಾಮನಿರ್ದೇಶಿತನ ಹೆಸರಿಗೆ ಶೇರನ್ನು ವರ್ಗಾಯಿಸತಕ್ಕದ್ದು, ವಾರಸುದಾರರ ನಡುವಿನ ಒಡೆತನದ ಪ್ರಶ್ನೆಯನ್ನು ಅವರು ಬೇರೆ ಕಡೆ ತೀರಿಸಿಕೊಳ್ಳಲಿ. 'ನಿಮ್ಮ ಮನೆಯ ಜಗಳ ಮುಗಿಯಲಿ, ಆಮೇಲೆ ನೋಡೋಣ' ಎಂದು ಕಾಗದವನ್ನು ಕಪಾಟಿನಲ್ಲಿಡುವ ಮಂಡಳಿಗೆ ಇದೊಂದು ಉತ್ತರ.

ಮೇಲಿನ ಇತಿಹಾಸದಿಂದ ಒಂದು ಕ್ರಮವು ತಾನಾಗಿ ಹೊರಡುತ್ತದೆ. ಮೆಟ್ಟಿಲ ಮೇಲೆ ಆಡಿದ ಮಾತಿಗೆ ಕಾಯಿದೆಯಲ್ಲಿ ಸ್ಥಾನವಿಲ್ಲ. ಅವಧಿಯ ಎಣಿಕೆಯೆಲ್ಲ ಪತ್ರವು ತಲುಪಿದ ದಿನದಿಂದ. ಆದ್ದರಿಂದ ಪತ್ರವೂ ಅದು ತಲುಪಿದ ಗುರುತೂ ಸದಸ್ಯನ ಮೊದಲ ಆಸ್ತಿ. ದೂರಿಗಿಂತ ಮೊದಲು ದಾಖಲೆಗಳನ್ನು ಕೇಳುವುದು ಲೇಸು. ಲೆಕ್ಕವನ್ನು ನೋಡದೆ ಹೊರಿಸಿದ ಆರೋಪವು ಹೊರಿಸಿದವನನ್ನೇ ಬಾಧಿಸುತ್ತದೆ. ಅನಂತರ ಪಂಚಮಾಂಶದ ಬೇಡಿಕೆ, ರಿಜಿಸ್ಟ್ರಾರರಿಗೆ ಮನವಿ, ಕೊನೆಗೆ ಸಹಕಾರಿ ನ್ಯಾಯಾಲಯ. ಈ ನಡುವೆ ಸಿಟ್ಟಿನಿಂದ ನಿರ್ವಹಣೆಯ ಹಣವನ್ನು ನಿಲ್ಲಿಸುವುದು ಮಾತ್ರ ಸಲ್ಲದು. ಹಾಗೆ ಮಾಡಿದವನು ದೂರುದಾರನ ಸ್ಥಾನದಿಂದ ಬಾಕಿದಾರನ ಸ್ಥಾನಕ್ಕೆ ಇಳಿಯುತ್ತಾನೆ, ಮತ್ತು ಮಂಡಳಿಯ ಕೈಗೆ ಅದರ ಶೀಘ್ರವಾದ ಅಸ್ತ್ರವನ್ನು ತಾನೇ ಎತ್ತಿಕೊಡುತ್ತಾನೆ. ಹಣವನ್ನು ಆಕ್ಷೇಪಪೂರ್ವಕವಾಗಿ ತೆತ್ತು, ಆಕ್ಷೇಪವನ್ನು ಬರವಣಿಗೆಯಲ್ಲಿ ಇಡುವುದು ಮೇಲು.

ಮಂಡಳಿಯವರ ಪಕ್ಷವನ್ನೂ ಹೇಳದಿದ್ದರೆ ಈ ವಿವೇಚನೆ ಏಕಪಕ್ಷೀಯವಾದೀತು. ಅವರಲ್ಲಿ ಬಹುಮಂದಿ ಸಂಬಳವಿಲ್ಲದೆ, ಕಛೇರಿಯಿಂದ ದಣಿದು ಬಂದ ರಾತ್ರಿಗಳಲ್ಲಿ ಸಂಘದ ಪುಸ್ತಕಗಳನ್ನು ಬಿಡಿಸಿ ಕೂರುವವರು. ಮಹಾಸಭೆಯಲ್ಲಿ ಬೇಕಾದಷ್ಟು ಜನ ಸೇರದೆ, ಅರ್ಧ ಗಂಟೆ ಕಾದು, ಬಂದಷ್ಟೇ ಜನರಿಂದ ವರ್ಷದ ಲೆಕ್ಕವನ್ನು ಮಂಜೂರು ಮಾಡಿಸಿಕೊಳ್ಳುವ ದೃಶ್ಯವು ಈ ನಗರಕ್ಕೆ ಹೊಸದಲ್ಲ. ಸದಸ್ಯರೇ ಬೇಡಿ ಕರೆಸಿದ ಸಭೆಯಾದರೋ, ಜನ ಸೇರದಿದ್ದರೆ, ಮಾದರಿ ಉಪವಿಧಿಗಳಂತೆ ಅಲ್ಲಿಗೇ ಬರಖಾಸ್ತಾಗುತ್ತದೆ. ಅರ್ಥಾತ್, ಸಭೆಯನ್ನು ಬೇಡಿದವರು ಸಭೆಗೆ ಬರಲೂ ಬೇಕು. ಕಾರ್ಯಚಿಂತಕರು ಶುಚಿಗಳಾಗಿರಬೇಕೆಂದು ಸ್ಮೃತಿಯು ಹೇಳಿತು, ನಿಜ. ಆದರೆ ಹೆಸರು ಬರೆದ ಓಲೆಗಳನ್ನು ಗಡಿಗೆಗೆ ಹಾಕಲು ಉತ್ತರಮೇರೂರಿನ ಸಭೆಯು ಆಬಾಲವೃದ್ಧರಾಗಿ ನೆರೆಯಬೇಕಾಗಿತ್ತೆಂಬುದನ್ನೂ ಅಲ್ಲಿಯ ಕಲ್ಲು ಹೇಳುತ್ತದೆ.

ಕಾಯಿದೆಯು ಒಂದು ಶತಮಾನದಲ್ಲಿ ಮಂಡಳಿಯ ಮೌನಕ್ಕೆ ಅವಧಿಯನ್ನು ಗೊತ್ತುಮಾಡಿದೆ, ಬದಲಿ ಕೈಗಳನ್ನು ಒದಗಿಸಿದೆ, ದಂಡವನ್ನು ವಿಧಿಸಿದೆ. ಸದಸ್ಯರ ಮೌನಕ್ಕೆ ಅದು ಯಾವ ಅವಧಿಯನ್ನೂ ಗೊತ್ತುಮಾಡಿಲ್ಲ, ಗೊತ್ತುಮಾಡಲೂ ಬಾರದು. ಆ ಭಾಗವನ್ನು ಪೂಗದಲ್ಲಿ ವಾಸಿಸುವವರು, ಎಂದರೆ ನಾವೇ, ತುಂಬಬೇಕಾಗಿದೆ.